ಕೊನೆಗೆ ಯಾರ ಕೈಗೆ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ೨೦೦೩ರ ನವೆಂಬರ್ ಹದಿನೆಂಟು, ಮಂಗಳವಾರ. ಬಸವಕಲ್ಯಾಣದ ತನ್ನ ಬಾಡಿಗೆ ಮನೆಯ ಅಂಗಳದಲ್ಲಿ ಕಲ್ಲಿನಾಥ ಕುಕ್ಕರುಗಾಲಲ್ಲಿ ಕೂತು ಗಾಜಿನ ಪ್ರನಾಳಗಳನ್ನು ತೊಳೆಯುತ್ತಿದ್ದ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಒಳಗೋಡೆಯ ಮೇಲೆ ಹನಿ ನಿಲ್ಲದೆ ನೀರು ತೆಳ್ಳಗೆ ಹರಡಿದರೆ ಮಾತ್ರ ಶುದ್ಧವಾಯಿತೆಂದು ಒಪ್ಪಿ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ.

ಅವತ್ತು ಹುಮನಾಬಾದಿನಲ್ಲಿ ಅವನ ತರಗತಿ ಇತ್ತು. ತಿಂಗಳಿಗೊಮ್ಮೆ ಅಲ್ಲಿನ ಕೈಗಾರಿಕಾ ವಸಾಹತಿನ ಮಾಲೀಕರು, ಅವರ ಗುಮಾಸ್ತರು, ಸುತ್ತಲಿನ ವ್ಯಾಪಾರಿಗಳು ಸೇರುತ್ತಿದ್ದರು. ಯಾವ ರಾಸಾಯನಿಕವನ್ನು ಹೊರದೇಶಕ್ಕೆ ಹಾಗೇ ಕಳಿಸಬಹುದು, ಯಾವುದಕ್ಕೆ ದಿಲ್ಲಿಯ ಪರವಾನಗಿ ಬೇಕು, ಯಾವುದನ್ನು ಕಳಿಸುವ ಮೊದಲು ಅದು ಕೊನೆಗೆ ಯಾರ ಕೈ ಸೇರುತ್ತದೆಂದು ತಿಳಿದುಕೊಳ್ಳಲೇಬೇಕು ಎಂಬುದನ್ನು ಅವರಿಗೆ ಕಲಿಸುವುದು ಅವನ ಕೆಲಸ. ಕಲಿಸಲು ತೊಡಗಿ ಐದನೆಯ ವರ್ಷ ನಡೆದಿತ್ತು. ಅವರು ಬರುತ್ತಿದ್ದರು, ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಚಹಾ ಕುಡಿದು ಹೋಗಿ ಮೊದಲಿನ ಹಾಗೆಯೇ ವ್ಯಾಪಾರ ಮಾಡುತ್ತಿದ್ದರು.

ಕೊನೆಯ ಪ್ರನಾಳ ಕೈಯಲ್ಲಿರುವಾಗ ಓಂಪ್ರಕಾಶನ ಸ್ಕೂಟರು ಬಂದು ನಿಂತಿತು. ಇಬ್ಬರೂ ಬಸವಕಲ್ಯಾಣದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಓಂಪ್ರಕಾಶನ ತಂದೆ ಬಕ್ಕಪ್ಪನವರದು ಪೇಟೆಯಲ್ಲಿ ಬೇಳೆಕಾಳಿನ ಹಳೆಯ ಅಡತಿ ಅಂಗಡಿ. ಮಗ ಹುಮನಾಬಾದಿನಲ್ಲಿ ಒಂದು ಸಣ್ಣ ಕಾರ್ಖಾನೆ ಹಾಕಿಕೊಂಡಿದ್ದ. ಅಲ್ಲಿ ತಯಾರಾಗುತ್ತಿದ್ದುದು ಥಯೋನಿಲ್ ಕ್ಲೋರೈಡ್ ಎಂಬ ದ್ರವ. ತೇವದ ಗಾಳಿ ತಗಲಿದರೆ ಹೊಗೆಯಾಡುತ್ತದೆ, ಮೂಗು ಕಣ್ಣು ಉರಿಸುತ್ತದೆ. ಔಷಧಿ ಮಾಡುವವರಿಗೆ ಬೇಕು, ಬಟ್ಟೆಯ ಬಣ್ಣ ಮಾಡುವವರಿಗೆ ಬೇಕು. ವಿಷಾನಿಲ ಮಾಡುವವರಿಗೂ ಬೇಕು. ಆದ್ದರಿಂದಲೇ ಅದು ಕಲ್ಲಿನಾಥ ಕಲಿಸುವ ಪಟ್ಟಿಯಲ್ಲಿತ್ತು.

“ಗುರುವಾರ ಲಾರಿ ಬರಾಕತ್ತದ,” ಅಂದ ಓಂಪ್ರಕಾಶ, ಸ್ಕೂಟರಿನಿಂದ ಇಳಿಯದೆ. “ಅರ್ಧ ನನ್ನ ಮಾಲು, ಅರ್ಧ ಬಾಜೂ ಕಾರ್ಖಾನಿ ಸತೀಶಂದು.”

“ಎಲ್ಲಿಗಿ?”

“ಮುಂಬೈಕ. ಅಲ್ಲಿಂದ ದುಬೈಕ.”

“ದುಬೈದಾಗ ಯಾರಿಗಿ?”

“ಯಾವನೋ ವ್ಯಾಪಾರಿ.”

“ಅವ ಅದನ್ನ ಕುಡೀತಾನೇನು?”

ಓಂಪ್ರಕಾಶ ನಗಲಿಲ್ಲ. “ಅದಕ್ಕs ಬಂದೀನಿ. ಕೇಳ್ಲೋ ಬ್ಯಾಡೋ, ನೀನs ಹೇಳು. ಈ ಲಾರಿ ತುಂಬಲಿಲ್ಲಂದ್ರ ಕಾರ್ಖಾನಿ ಬಾಗಿಲ ಹಾಕಬೇಕು.”

ಚಹಾ ತಂದ ಸರಿತಾ ಆ ಮಾತು ಕೇಳಿಸಿಕೊಂಡು, ಕಪ್ಪು ಕೊಟ್ಟು, ಗಂಡನ ಮುಖ ನೋಡಿ ಒಳಗೆ ಹೋದಳು. ಮಳೆಗಾಲ ಮುಗಿದಾಗಿನಿಂದ ಓಂಪ್ರಕಾಶನ ಕಾರ್ಖಾನೆಗೆ ದೊಡ್ಡ ಬೇಡಿಕೆ ಬಂದಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅಲ್ಲಿ ಮೂವತ್ತೆಂಟು ಜನ ದುಡಿಯುತ್ತಿದ್ದರು. ಡ್ರಮ್ಮುಗಳಿಗೆ ಹೆಸರಿನ ಚೀಟಿ ಅಂಟಿಸುವ ವಜೀರಬಿ ಅವಳಿಗೆ ಪರಿಚಯದವಳು.

ಕಲ್ಲಿನಾಥ ಈ ಕೆಲಸಕ್ಕೆ ಬಂದದ್ದು ತಾನಾಗಿ ಅಲ್ಲ. ಅವನ ಊರು ಮೋರಖಂಡಿ. ತಂದೆ ಮಡೆಪ್ಪ ಕುರಿ ಕಾಯುತ್ತಿದ್ದ, ಇರುವ ಸ್ವಲ್ಪ ಹೊಲ ಮಾಡುತ್ತಿದ್ದ. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದ ಕಲ್ಲಿನಾಥ ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯ ಪ್ರಯೋಗಾಲಯ ಸೇರಿ ಹತ್ತು ವರ್ಷ ಅಲ್ಲಿದ್ದ. ಅಲ್ಲಿ ಅವನಿಗೆ ಅಂಟಿದ ಒಂದು ಅಭ್ಯಾಸ ಕೊನೆಯತನಕ ಹೋಗಲಿಲ್ಲ. ತಾನೊಬ್ಬನೇ ನೋಡಿದ್ದನ್ನು ಫಲಿತಾಂಶವೆಂದು ಅವನು ಒಪ್ಪುತ್ತಿರಲಿಲ್ಲ. ಬಣ್ಣ ತಿರುಗುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬ ನಿಂತಿರಬೇಕು, ಏನಾಯಿತೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಬರೆಯಬೇಕು. ಪ್ರಯೋಗಾಲಯಕ್ಕೆ ಇದು ಒಳ್ಳೆಯ ಪದ್ಧತಿ.

ರಾಸಾಯನಿಕ ಅಸ್ತ್ರಗಳ ನಿಷೇಧದ ಒಪ್ಪಂದ ೧೯೯೭ರಲ್ಲಿ ಜಾರಿಗೆ ಬಂತು. ಮರುವರ್ಷ ವಸಾಹತಿನ ಸಂಘದವರು ಯಾರಾದರೊಬ್ಬರನ್ನು ಹೈದರಾಬಾದಿಗೆ ತರಬೇತಿಗೆ ಕಳಿಸಬೇಕಾಯಿತು. ರಾಸಾಯನಿಕಗಳ ಹೆಸರು ಓದಲು ಬರುವ, ಪೇಟೆಯ ಮಾತೂ ಬರುವ ಮನುಷ್ಯನೆಂದು ಕಲ್ಲಿನಾಥನನ್ನು ಕಳಿಸಿದರು. ಅಲ್ಲಿ ಎರಡನೆಯ ದಿನ ಪರದೆಯ ಮೇಲೆ ಕೆಲವು ಫೋಟೋ ತೋರಿಸಿದರು. ಎಲ್ಲೋ ದೂರದ ಒಂದು ಬೆಟ್ಟದೂರು. ಬೀದಿಯಲ್ಲಿ, ಬಾಗಿಲಲ್ಲಿ ಜನ ಸತ್ತು ಬಿದ್ದಿದ್ದರು. ಉಳಿದವರೆಲ್ಲ ಜನರನ್ನು ನೋಡುತ್ತಿರುವಾಗ ಕಲ್ಲಿನಾಥ ಒಂದು ಫೋಟೋದ ಮೂಲೆಯಲ್ಲಿದ್ದ ಕುರಿಗಳನ್ನು ನೋಡಿದ. ಎಲ್ಲವೂ ಒಂದೇ ಕಡೆ ಮುಖ ಮಾಡಿ ಬಿದ್ದಿದ್ದವು. ಜೋರು ಗಾಳಿ ಬೀಸಿದರೆ ಕುರಿ ಬೆನ್ನು ಕೊಟ್ಟು ನಿಲ್ಲುತ್ತದೆ. ಹಾಗಾದರೆ ಅನಿಲ ಬಂದದ್ದು ಈ ಕಡೆಯಿಂದ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಅದನ್ನು ಅವನು ಅಲ್ಲಿ ಯಾರಿಗೂ ಹೇಳಲಿಲ್ಲ. ಊರಿಗೆ ಬಂದು ತಂದೆಗೆ ಹೇಳಿದ. ಮಡೆಪ್ಪ, ಕಾಯುವವ ಎಲ್ಲಿದ್ದ ಅಂತ ಕೇಳಿದ. ಕಾಯುವವ ಫೋಟೋದಲ್ಲಿ ಇರಲಿಲ್ಲ.

ಆಮೇಲೆ ಸಂಘದವರು ಕೇಳಿಕೊಂಡಂತೆ ಅವನು ಪ್ರಯೋಗಾಲಯ ಬಿಟ್ಟು ಕಲಿಸುವ ಕೆಲಸ ಹಿಡಿದ. ಹುಮನಾಬಾದಿನ ಪೇಟೆಯಲ್ಲಿ ಜಹೀರುದ್ದೀನನ ಫೋಟೋ ಸ್ಟುಡಿಯೋ ಇತ್ತು; ಅದರ ಮೇಲಿನ ಕೋಣೆಯೇ ತರಗತಿ. ಮೊದಲ ತರಗತಿ ೧೯೯೯ರ ಫೆಬ್ರುವರಿಯಲ್ಲಿ ನಡೆಯಿತು. ಹೊಸದೆಂದು ಎಲ್ಲರೂ ಬಂದಿದ್ದರು, ಅಡತಿ ಬಿಟ್ಟು ಏಳದ ಬಕ್ಕಪ್ಪನವರೂ ಮಗನ ಜೊತೆ ಬಂದು ಮುಂದೆ ಕೂತಿದ್ದರು.

ಕಲ್ಲಿನಾಥ ಅವರಿಗೆ ಮೂರು ಪ್ರಶ್ನೆ ಕಲಿಸಿದ. ಏನು, ಎಲ್ಲಿಗೆ, ಕೊನೆಗೆ ಯಾರ ಕೈಗೆ. ಅನುಮಾನಪಡಬೇಕಾದ ಗಿರಾಕಿ ಹೇಗಿರುತ್ತಾನೆಂದು ವಿವರಿಸಿದ. ಮಾಲಿನ ಗುಣಮಟ್ಟ ವಿಚಾರಿಸುವುದಿಲ್ಲ, ಡ್ರಮ್ಮಿನ ಮೇಲಿನ ಚೀಟಿ ಬೇಡ ಅನ್ನುತ್ತಾನೆ, ಚೌಕಾಶಿ ಮಾಡುವುದಿಲ್ಲ.

“ಮಾಸ್ತರ,” ಅಂದ ಸತೀಶಕುಮಾರ. ವಸಾಹತಿನಲ್ಲಿ ಓಂಪ್ರಕಾಶನ ಪಕ್ಕದ ಕಾರ್ಖಾನೆ ಅವನದು, ಮಾಲೂ ಅದೇ. “ಚೌಕಾಶಿ ಮಾಡದ ಗಿರಾಕಿ ಸಿಕ್ರ ನಾವು ಕಾಯಿ ಒಡೀತೀವಿ. ನೀವು ಪೊಲೀಸರಿಗಿ ಹೇಳು ಅಂತೀರಿ.”

ಕೋಣೆ ನಕ್ಕಿತು, ಕಲ್ಲಿನಾಥನೂ ನಕ್ಕ. ಆಮೇಲೆ ತಾನು ಗಿರಾಕಿಯಂತೆ, ಅವರು ಮಾರುವವರಂತೆ ಆಟ ಕಟ್ಟಿದ. ಸತೀಶಕುಮಾರ ಬಹಳ ಚೆನ್ನಾಗಿ ಮಾರಿದ. ಬೆಲೆ ಹಿಡಿದು ನಿಂತ, ಮತ್ತೆ ಇಳಿಸಿದ, ಲಾರಿ ತಾನೇ ಗೊತ್ತು ಮಾಡಿದ, ಚಹಾ ತರಿಸಿದ. ಮಾಲು ಯಾರಿಗೆಂದು ಮಾತ್ರ ಕೇಳಲಿಲ್ಲ. ಅವನ ನಂತರ ಬಂದವರೂ ಕೇಳಲಿಲ್ಲ. ಮರೆತದ್ದಲ್ಲ, ಆ ಮಾತಿನ ಹತ್ತಿರ ಬಂದಾಗ ಒಬ್ಬೊಬ್ಬರೂ ಕಣ್ಣು ತಪ್ಪಿಸುತ್ತಿದ್ದರು.

ಕಾರಣ ಪೇಟೆಯ ರೀತಿ. ತೊಗರಿ, ಕಡಲೆ, ಕುಸುಬೆ ತಂದವನಿಗೂ ಕೊಳ್ಳುವವನಿಗೂ ನಡುವೆ ದಲಾಲಿ ನಿಲ್ಲುತ್ತಾನೆ. ಹಳಬರು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಒತ್ತಿ ತಿಳಿಸುತ್ತಾರೆ. ದಲಾಲಿಯ ಆಚೆ ಯಾರಿದ್ದಾರೆಂದು ಮಾರುವವನು ಕೇಳುವುದಿಲ್ಲ. ಕೇಳಿದರೆ, ನಿನ್ನನ್ನು ಬಿಟ್ಟು ನಿನ್ನ ಗಿರಾಕಿಯನ್ನು ನಾನೇ ಹಿಡಿಯುತ್ತೇನೆ ಎಂದ ಹಾಗೆ. ನಾಲ್ಕು ಜನರೆದುರು ಕೇಳಿದರಂತೂ ಅವನ ಅನ್ನಕ್ಕೆ ಕೈ ಹಾಕಿದ ಹಾಗೆ. ವಸಾಹತಿನ ಸಣ್ಣ ಕಾರ್ಖಾನೆಗಳಲ್ಲಿ ಬಹಳಷ್ಟು ಇಂಥ ಅಡತಿಯವರ ಮಕ್ಕಳು ಹಾಕಿದವು. ಚೀಲದ ಬದಲು ಡ್ರಮ್ಮು ಬಂತು, ರೀತಿ ಹಾಗೇ ಉಳಿಯಿತು. ಕಲ್ಲಿನಾಥನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕುರಿ ಸಂತೆಯಲ್ಲಿ ತಂದೆಯ ಕೈ ಟವೆಲಿನ ಕೆಳಗೆ ಹೋಗುವುದನ್ನು ಅವನು ಎಷ್ಟೋ ಸಲ ನೋಡಿದ್ದ.

“ತಮ್ಮಾ, ನೀ ಹೇಳೂದು ಖರೆ ಅದ,” ಅಂದಿದ್ದರು ಬಕ್ಕಪ್ಪ ಅವತ್ತು. “ಆದ್ರ ಅದು ಕೇಳೂದಂದ್ರ ಮಂದಿ ಮನಿಗಿ ಹೋಗಿ ಒಲಿ ಮ್ಯಾಲಿನ ಗಡಗಿ ಮುಚ್ಚಳ ತಗದು ನೋಡಿದಂಗ.”

“ಗಡಗ್ಯಾಗ ಏನದ ಅಂತ ಗೊತ್ತಿರಬೇಕಲ್ರಿ ಕಾಕಾ.”

“ಗೊತ್ತ ಮಾಡ್ಕೋಬೇಕು. ಮುಚ್ಚಳ ತಗೀಬಾರದು.”

ಆಗ ಕಲ್ಲಿನಾಥ ಒಂದು ಪ್ರಯೋಗ ಮಾಡಿ ತೋರಿಸಿದ. ಕೆಳಗಿನ ಸ್ಟುಡಿಯೋದಲ್ಲಿ ಫೋಟೋ ತೊಳೆಯಲು ಹೈಪೋ ಎಂಬ ಉಪ್ಪು ಇರುತ್ತಿತ್ತು, ಸಕ್ಕರೆ ಹರಳಿನಂಥದು. ಜಹೀರುದ್ದೀನನಿಂದ ಒಂದು ಹಿಡಿ ತರಿಸಿ ಪ್ರನಾಳದಲ್ಲಿ ಹಾಕಿ, ಬಿಸಿನೀರಲ್ಲಿ ಹಿಡಿದು ಕರಗಿಸಿದ. ಅಲುಗಿಸದೆ ತಣಿಯಲು ಬಿಟ್ಟ. ತಣಿದರೂ ಅದು ತಿಳಿನೀರಿನಂತೆಯೇ ಇತ್ತು. ಅದರೊಳಗೆ ಹೈಪೋದ ಒಂದು ಸಣ್ಣ ಹರಳು ಬಿಟ್ಟ. ಹರಳಿನ ಸುತ್ತ ಬಿಳಿ ಸೂಜಿಗಳು ಮೂಡಿದವು, ಬೆಳೆದವು, ನೋಡುನೋಡುತ್ತ ಇಡೀ ಪ್ರನಾಳ ಕಲ್ಲಿನಂತೆ ಗಟ್ಟಿಯಾಯಿತು. ಬೋರಲು ಹಿಡಿದರೂ ಬೀಳಲಿಲ್ಲ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಪ್ರನಾಳ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಆ ಬಿಸಿಯನ್ನು ಅಂಗೈಯಲ್ಲಿ ಹಿಡಿದು ಆಶ್ಚರ್ಯಪಟ್ಟರು. ಜಹೀರುದ್ದೀನ ಬಾಗಿಲಲ್ಲಿ ನಿಂತು, ಇಷ್ಟು ವರ್ಷ ನನ್ನ ಅಂಗಡಿಯಲ್ಲಿ ಈ ತಮಾಷೆ ಯಾಕೆ ಮಾಡಲಿಲ್ಲ ಅದು ಅಂತ ಕೇಳಿದ. ರೂಢಿಯೂ ಹೀಗೇ ಬದಲಾಗುತ್ತದೆ ಎಂಬುದು ಕಲ್ಲಿನಾಥನ ಮಾತಾಗಿತ್ತು. ಅವರು ಅದನ್ನು ನಂಬಿದರೋ ಇಲ್ಲವೋ, ಅವನಂತೂ ನಂಬಿದ.

ನಂಬಿ ಐದನೆಯ ವರ್ಷ ನಡೆದಿರುವಾಗ ಓಂಪ್ರಕಾಶ ಸ್ಕೂಟರಿನ ಮೇಲೆ ಕೂತು ಕೇಳಲೋ ಬೇಡವೋ ಅನ್ನುತ್ತಿದ್ದ. ಅಲ್ಲಿಯವರೆಗೆ ಯಾರೂ ಅಷ್ಟನ್ನೂ ಕೇಳಿರಲಿಲ್ಲ.

ತರಗತಿಗೆ ಇನ್ನೂ ಹೊತ್ತಿತ್ತು; ಇಬ್ಬರೂ ಅಡತಿಗೆ ಹೋದರು. ಬಕ್ಕಪ್ಪ ಗಾದಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಮಾಲು ಎತ್ತುವ ದಲಾಲಿ ಉತ್ತಮರಾವ್ ಸೋಲಾಪುರದವನು, ಮೊದಲು ಇದೇ ಅಡತಿಯ ತೊಗರಿ ಎತ್ತುತ್ತಿದ್ದವನು. ಮಗನ ಕಾರ್ಖಾನೆಗೂ ಅವನನ್ನು ಒದಗಿಸಿಕೊಟ್ಟವರು ಬಕ್ಕಪ್ಪನವರೇ.

“ಕೇಳೂದದ ಅಂದ್ರ ನಾ ಕೇಳ್ತೀನಿ,” ಅಂದರು. “ಸೋಲಾಪುರಕ್ಕ ಹೋಗ್ತೀನಿ, ಅವನ ಮನ್ಯಾಗ ಊಟ ಮಾಡ್ತೀನಿ. ಟವೆಲ್ ಹಾಕಿ ಕೈ ಹಿಡಿದ್ರ ಹೇಳ್ತಾನ.”

“ಗುರುವಾರದೊಳಗ ಆಗ್ತದೇನ್ರಿ?” ಕಲ್ಲಿನಾಥ ಕೇಳಿದ.

“ಹ್ಯಾಂಗ ಆಗ್ತದೋ? ಹೋದ ದಿನಾನೇ ಕೇಳಾಕ ಬರ್ತದೇನು? ಎರಡು ಸರ್ತಿ ಸುಮ್ನ ಹೋಗಿ ಬರಬೇಕು.”

“ಸಾಕ್ಷಿ ಯಾರು?”

ಬಕ್ಕಪ್ಪ ಅವನನ್ನೇ ನೋಡಿದರು. “ಟವೆಲ್ ಕೆಳಗ ಯಾವ ಸಾಕ್ಷಿ, ತಮ್ಮಾ?”

ಕಲ್ಲಿನಾಥ ಅದನ್ನು ಒಪ್ಪಲಿಲ್ಲ. ಎರಡು ಸಲ ಹೋಗಿ ಬರುವುದರೊಳಗೆ ಮಾಲು ಸಮುದ್ರ ದಾಟಿರುತ್ತದೆ. ನಾಳೆ ಅಧಿಕಾರಿ ಬಂದು ಕೇಳಿದರೆ ಓಂಪ್ರಕಾಶ ಏನು ಹೇಳಬೇಕು, ಟವೆಲಿನ ಕೆಳಗೆ ಹೇಳಿದರು ಅನ್ನಬೇಕೆ ಎಂದು ವಾದಿಸಿದ. ಮಾಲು ಏರಿಸುವ ಮೊದಲು ಕೇಳಬೇಕು, ಜೋರಾಗಿ ಕೇಳಬೇಕು, ಇಬ್ಬರಾದರೂ ಕೇಳಿಸಿಕೊಂಡಿರಬೇಕು. ಅವನು ಹೇಳಿದ್ದರಲ್ಲಿ ಕಾನೂನಿನ ಮಟ್ಟಿಗೆ ಒಂದೂ ತಪ್ಪಿರಲಿಲ್ಲ. ಮಾಲು ಒಂದು ತಿಂಗಳು ತಡೆಯಿರಿ ಎಂದು ಉತ್ತಮರಾವನಿಗೆ ಏನಾದರೂ ನೆಪ ಹೇಳಬಹುದಿತ್ತು. ಅಷ್ಟರಲ್ಲಿ ಮುದುಕರು ಹೋಗಿ ಬರುತ್ತಿದ್ದರು. ಆ ದಾರಿ ಕಲ್ಲಿನಾಥನಿಗೆ ಹೊಳೆಯಲಿಲ್ಲ, ಏಕೆಂದರೆ ಅವನ ಪದ್ಧತಿಯಲ್ಲಿ ನೆಪಕ್ಕೆ ಜಾಗವಿರಲಿಲ್ಲ.

ಓಂಪ್ರಕಾಶ ತಂದೆಯನ್ನು ನೋಡಿದ, ಗೆಳೆಯನನ್ನು ನೋಡಿದ. ಕೇಳುತ್ತೇನೆ ಅಂದ.

ಗುರುವಾರ ಬೆಳಿಗ್ಗೆ ಕಲ್ಲಿನಾಥ ಬಸ್ಸು ಹಿಡಿದು ಹುಮನಾಬಾದಿಗೆ ಹೊರಟ. ರಾಜೇಶ್ವರದ ಹತ್ತಿರ ರಸ್ತೆಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ತಾನು ಕಲಿಸಿದ್ದನ್ನು ಮಾಡುವ ಒಬ್ಬ ಮನುಷ್ಯನನ್ನು ಅವತ್ತು ಕಾಣುತ್ತೇನೆಂಬ ಸಂತೋಷ ಅವನಿಗಿತ್ತು. ಅದನ್ನು ಅವನು ಆಮೇಲೆ ಸರಿತಾಳಿಗೆ ಹೇಳಿದ್ದಾನೆ. ಅಷ್ಟು ಸಂತೋಷ ಹಿಂದೆ ಯಾವತ್ತೂ ಆಗಿರಲಿಲ್ಲವಂತೆ.

ಓಂಪ್ರಕಾಶನ ಕಾರ್ಖಾನೆಯ ಮುಂದೆ ಲಾರಿ ನಿಂತಿತ್ತು. ಸತೀಶಕುಮಾರನ ಡ್ರಮ್ಮುಗಳು ಆಗಲೇ ಏರಿದ್ದವು. ಅವನು ಲಾರಿಯ ಹಿಂದೆ ಡ್ರೈವರನ ಜೊತೆ ಮಾತಾಡುತ್ತಿದ್ದ. ಓಂಪ್ರಕಾಶನ ಡ್ರಮ್ಮುಗಳಲ್ಲಿ ಕೆಲವನ್ನು ಏರಿಸಿದ್ದರು. ಉಳಿದವು ಸಾಲಾಗಿ ನಿಂತಿದ್ದವು, ಎಲ್ಲದರ ಮೇಲೂ ವಜೀರಬಿ ಅಂಟಿಸಿದ ಚೀಟಿ ಒಂದೇ ಎತ್ತರದಲ್ಲಿ. ಉತ್ತಮರಾವ್ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲು.

ಕಲ್ಲಿನಾಥ ಶೆಡ್ಡಿನ ಬಾಗಿಲಲ್ಲಿ ನಿಂತ. ಓಂಪ್ರಕಾಶ ಒಮ್ಮೆ ಅವನ ಕಡೆ ನೋಡಿ, ಸತೀಶಕುಮಾರನನ್ನೂ ಡ್ರೈವರನನ್ನೂ ಹತ್ತಿರ ಕರೆದ. ತರಗತಿಯಲ್ಲಿ ಕಲಿಸಿದಂತೆಯೇ ನೆಟ್ಟಗೆ ನಿಂತು, ಕಲಿಸಿದ ಶಬ್ದಗಳಲ್ಲೇ ಕೇಳಿದ.

“ಉತ್ತಮರಾವ್, ಈ ಮಾಲು ಕೊನಿಗಿ ಯಾರ ಕೈಗಿ ಹೋಗ್ತದ? ಇವರ ಮುಂದ ಹೆಸರ ಹೇಳ್ರಿ.”

ಸತೀಶಕುಮಾರ ನೆಲ ನೋಡಿದ. ಡ್ರಮ್ಮು ಉರುಳಿಸುತ್ತಿದ್ದವರೂ ನಿಂತರು.

“ಬಕ್ಕಪ್ಪ ಸಾವಕಾರರು ಆರಾಮ ಅದಾರೇನ್ರಿ?” ಅಂತ ಕೇಳಿದ ಉತ್ತಮರಾವ್.

“ಅದಾರ್ರಿ.”

“ಇಪ್ಪತ್ತೆರಡು ವರ್ಷ ಅವರ ಮಾಲು ಎತ್ತೀನಿ. ಒಂದಿನ ಈ ಮಾತು ನನಗ ಕೇಳಿಲ್ಲ.”

“ಹೆಸರ ಹೇಳಿದ್ರ ಈಗs ಏರಸ್ತೀವ್ರಿ. ಕಾನೂನು ಹಂಗದ.”

“ಹೆಸರ ಗೊತ್ತಿದ್ದವರು ನನ್ನ ಹಂತೇಕ ಯಾಕ ಬರ್ತಾರ್ರಿ, ಓಂಪ್ರಕಾಶಜಿ?” ಉತ್ತಮರಾವ್ ಎದ್ದ. ಟವೆಲು ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡ. ಆಗ ಅವನ ಕಣ್ಣು ಬಾಗಿಲಲ್ಲಿದ್ದ ಕಲ್ಲಿನಾಥನ ಮೇಲೆ ಬಿತ್ತು. ಯಾರು ಕಲಿಸಿದ್ದೆಂದು ತಿಳಿದವನಂತೆ ಒಮ್ಮೆ ತಲೆಯಾಡಿಸಿದ. ಆಮೇಲೆ ಹಮಾಲರ ಕಡೆ ತಿರುಗಿ ಹೇಳಿದ. “ಇವರದು ಇಳಸ್ರಿ.”

ಇಳಿಸಿದರು. ಸತೀಶಕುಮಾರನ ಡ್ರಮ್ಮುಗಳನ್ನು ಹೊತ್ತು ಲಾರಿ ಹೋಯಿತು.

ಉತ್ತಮರಾವ್ ಎಲ್ಲೂ ದೂರು ಹೇಳಲಿಲ್ಲವೆಂದೇ ಎಲ್ಲರೂ ಅನ್ನುತ್ತಾರೆ. ಹೇಳಬೇಕಾಗಿರಲಿಲ್ಲ. ಸೋಲಾಪುರದಿಂದ ಹೈದರಾಬಾದಿನವರೆಗೆ ಆ ಹೆದ್ದಾರಿಯುದ್ದಕ್ಕೂ ದಲಾಲಿಗಳಿಗೆ ಒಂದು ಮಾತು ತಲುಪಿತು. ಹುಮನಾಬಾದಿನ ಓಂಪ್ರಕಾಶ ದಲಾಲಿಯನ್ನು ದಾಟಿ ಗಿರಾಕಿ ಹಿಡಿಯಲು ನೋಡುತ್ತಾನೆ. ಔಷಧಿ ಕಾರ್ಖಾನೆಗಳಿಗೆ ಒಳನಾಡಿನಲ್ಲಿ ಮಾಲು ಎತ್ತುತ್ತಿದ್ದವರೂ ಬರುವುದು ಬಿಟ್ಟರು. ಕಲ್ಲಿನಾಥ ತಾನೇ ನಾಲ್ಕಾರು ಕಾರ್ಖಾನೆಗಳಿಗೆ ಹೋಗಿ ವಿವರಿಸಿದ, ಕಾನೂನಿನ ಪುಟ ತೋರಿಸಿದ. ಅವರು ಅವನನ್ನು ಕೂರಿಸಿ ಚಹಾ ಕೊಟ್ಟರು, ಒಳ್ಳೆಯ ಕೆಲಸ ಮಾಡುತ್ತಿದ್ದೀರಿ ಅಂದರು. ಮಾಲು ಮಾತ್ರ ಸತೀಶಕುಮಾರನಲ್ಲಿ ತೆಗೆದುಕೊಂಡರು.

೨೦೦೪ರ ಬೇಸಿಗೆಯಲ್ಲಿ ಓಂಪ್ರಕಾಶ ಕಾರ್ಖಾನೆಯ ಬಾಗಿಲು ಹಾಕಿ ಬಸವಕಲ್ಯಾಣದ ಅಡತಿಗೆ ಮರಳಿ ತೂಕದ ಕೆಲಸಕ್ಕೆ ನಿಂತ. ಕಲ್ಲಿನಾಥನ ಮೇಲೆ ಅವನು ಒಂದು ಮಾತೂ ಆಡಲಿಲ್ಲ. ಸಂಜೆ ಚಹಾಕ್ಕೆ ಕರೆಯುವುದೂ ಬಿಡಲಿಲ್ಲ. ಚಹಾ ಕುಡಿಯುತ್ತ ಇಬ್ಬರೂ ತೊಗರಿಯ ದರ, ಮಕ್ಕಳ ಶಾಲೆ ಇಂಥದ್ದನ್ನು ಮಾತಾಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಕಲ್ಲಿನಾಥ ಸರಿತಾಳ ಮುಂದೆ ಒಂದು ಸಲ ಅಂದ. ಅವಳು, ಬೈಯಾಕ ನೀವೇನ್ ತಪ್ಪ ಕಲಿಸೀರಿ ಅಂದಳು. ಅದೇ ಕಷ್ಟ ಅಂದ ಅವನು.

ಆ ವರ್ಷ ಮಳೆ ಶುರುವಾದ ಮೇಲೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ವಜೀರಬಿ ಸಿಕ್ಕಳು. ಈಗ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಸರಿತಾಬಾಯಿ ಹೇಗಿದ್ದಾರೆಂದು ಕೇಳಿದಳು, ಓಂಪ್ರಕಾಶ ಸಾವಕಾರರ ಆರೋಗ್ಯ ವಿಚಾರಿಸಿದಳು. ಬಸ್ಸು ಬಂದಾಗ ಹತ್ತುತ್ತ, “ನೀವು ಹೇಳಿದಂಗs ಚೀಟಿ ಹಚ್ಚಿದ್ವಿ ಸರ್, ಒಂದೂ ಸೊಟ್ಟ ಹಚ್ಚಿಲ್ಲ,” ಅಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತನ್ನ ಕೆಲಸದಲ್ಲಿ ತಪ್ಪಾಗಿ ಕಾರ್ಖಾನೆ ಮುಚ್ಚಿತೋ ಎಂಬ ಅನುಮಾನ ಅವಳಿಗೆ ಇನ್ನೂ ಉಳಿದಿದ್ದಂತಿತ್ತು. ಕಲ್ಲಿನಾಥ ಇಲ್ಲ ಎಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು.

ಮುಂದಿನ ವರ್ಷ ಬಕ್ಕಪ್ಪನವರು ಕಾಲು ಮುರಿದುಕೊಂಡು ಹಾಸಿಗೆ ಹಿಡಿದರು. ನೋಡಲು ಸೋಲಾಪುರದಿಂದ ಉತ್ತಮರಾವ್ ಬಂದಿದ್ದ. ಅವನು ಹೋದ ಮೇಲೆ ಮುದುಕರು ಕಲ್ಲಿನಾಥನಿಗೆ ಹೇಳಿ ಕಳಿಸಿದರು.

“ಬಂದಿದ್ದ. ಟವೆಲ್ ಹಾಕಿದೆ, ಕೈ ಕೊಟ್ಟ. ಆಗಿನ ಮಾಲು ಎಲ್ಲಿಗಿ ಹೋತಪ್ಪ ಅಂದೆ. ಕಿವ್ಯಾಗ ಹೇಳಿದ.”

“ಎಲ್ಲಿಗ್ರಿ ಕಾಕಾ?”

“ಬಣ್ಣದ ಕಾರ್ಖಾನಿಗಿ, ತಮ್ಮಾ. ಅರಿವಿಗಿ ಬಣ್ಣ ಹಾಕೂ ಕಾರ್ಖಾನಿ. ಹೆಸರೂ ಹೇಳಿದ. ಅದು ನಿನಗ ಹೇಳಾಂಗಿಲ್ಲ, ಅವಗ ಮಾತು ಕೊಟ್ಟೀನಿ.”

ಕಲ್ಲಿನಾಥ ಆ ಮಂಚದ ಪಕ್ಕ ಕೂತು ಎರಡೂ ಕಡೆಯ ಲೆಕ್ಕ ಹಾಕಿದ. ಅದು ನಿಜವಾಗಿದ್ದರೆ ಓಂಪ್ರಕಾಶ ಕೇಳಬೇಕಾಗಿಯೇ ಇರಲಿಲ್ಲ. ಮೂವತ್ತೆಂಟು ಜನ ಸುಮ್ಮನೆ ಕೆಲಸ ಕಳೆದುಕೊಂಡರು. ನಿಜವಲ್ಲದಿದ್ದರೆ ಮಾಲು ಹೋಗಬಾರದ ಕಡೆ ಹೋಗಿದೆ, ಸತೀಶಕುಮಾರನ ಡ್ರಮ್ಮುಗಳಲ್ಲಿ ಹೋಗಿದೆ, ಓಂಪ್ರಕಾಶ ಕೇಳಿದ್ದರಿಂದ ಒಂದು ಹನಿಯೂ ಕಡಿಮೆಯಾಗಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಒಬ್ಬನೇ ಕೇಳಿಸಿಕೊಂಡ ಮಾತದು, ಹೆಸರೂ ಇಲ್ಲ. ಆದರೆ ಮುದುಕರ ಮುಖ ನೋಡಿದರೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

“ನಾನs ಹೋಗ್ತಿದ್ದೆ ಅವತ್ತು,” ಅಂದರು ಬಕ್ಕಪ್ಪ. “ಎರಡು ಸರ್ತಿ ಸುಮ್ನ ಹೋಗಿ ಬರ್ತಿದ್ದೆ.” ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದರು.

ಕಾನೂನು ಆ ವೇಳೆಗೆ ಇನ್ನಷ್ಟು ಬಿಗಿಯಾಗಿತ್ತು. ತರಗತಿಗಳು ನಡೆದೇ ಇದ್ದವು, ಬರುವವರ ಸಂಖ್ಯೆಯೂ ಹೆಚ್ಚಿತ್ತು. ಸತೀಶಕುಮಾರ ಸಂಘದ ಅಧ್ಯಕ್ಷನಾಗಿ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದ. ಅವನು ಕೆಟ್ಟವನಲ್ಲ. ಕಲ್ಲಿನಾಥನಿಗೆ ಶಾಲು ಹೊದಿಸಿದವನೂ ಅವನೇ. ಮಾಲಿನ ವಿವರಗಳನ್ನೆಲ್ಲ ತಪ್ಪದೆ ಸಲ್ಲಿಸುತ್ತಿದ್ದ. ಕೊನೆಯ ಗಿರಾಕಿಯೆಂಬ ಜಾಗದಲ್ಲಿ ದಲಾಲಿ ಹೇಳಿದ ವ್ಯಾಪಾರಿಯ ಹೆಸರು ಬರೆಯುತ್ತಿದ್ದ. ಉಳಿದವರೂ ಹಾಗೇ ಬರೆಯಲು ಕಲಿತರು. ಮೂರನೆಯ ಪ್ರಶ್ನೆಯ ಹತ್ತಿರ ಬಂದಾಗ ಈಗ ಯಾರೂ ಕಣ್ಣು ತಪ್ಪಿಸುತ್ತಿರಲಿಲ್ಲ. ಓಂಪ್ರಕಾಶನ ಕಥೆ ಗೊತ್ತಿದ್ದವರೆಲ್ಲ ನೇರವಾಗಿ ಕಲ್ಲಿನಾಥನನ್ನೇ ನೋಡುತ್ತಿದ್ದರು. ಅವನೇ ಆ ಪ್ರಶ್ನೆಯನ್ನು ಬೇಗ ಮುಗಿಸಿ ಮುಂದೆ ಹೋಗುತ್ತಿದ್ದ.

ಕೊನೆಯ ತರಗತಿ ೨೦೦೬ರ ಜುಲೈಯಲ್ಲಿ. ಅದು ಕೊನೆಯದೆಂದು ಅವನು ಸರಿತಾಳಿಗೆ ಮಾತ್ರ ಹೇಳಿದ್ದ. ಹಳಬರೊಬ್ಬರು, ಮಾಸ್ತರ, ಆ ನೀರು ಕಲ್ಲಾಗುವ ಆಟ ತೋರಿಸಿ ಬಹಳ ವರ್ಷವಾಯಿತು, ಈ ಹೊಸಬರು ನೋಡಿಲ್ಲ ಅಂದರು. ಜಹೀರುದ್ದೀನನ ಅಂಗಡಿಗೆ ಹೊಸ ಬಗೆಯ ಕ್ಯಾಮೆರಾ ಬಂದು ಫೋಟೋ ತೊಳೆಯುವುದು ನಿಂತಿತ್ತು. ಮೂಲೆಯಲ್ಲಿ ಉಳಿದಿದ್ದ ಹೈಪೋದ ಡಬ್ಬಿಗೆ ಮಳೆಯ ನೀರು ಇಳಿದು ಅದು ಗಂಜಿಯಾಗಿತ್ತು. ಇದ್ದುದರಲ್ಲಿ ಒಂದಿಷ್ಟು ತೆಗೆದು ಕಲ್ಲಿನಾಥ ಪ್ರನಾಳಕ್ಕೆ ಹಾಕಿ ಬಿಸಿ ಮಾಡಿ ತಣಿಸಿದ. ಒಣಗಿದ್ದ ಒಂದು ಹರಳನ್ನು ಹುಡುಕಿ ಒಳಗೆ ಬಿಟ್ಟ.

ಹರಳು ತಳಕ್ಕೆ ಹೋಗಿ ಕೂತಿತು. ಸೂಜಿಗಳು ಮೂಡಲಿಲ್ಲ. ನೀರು ಮಿತಿ ಮೀರಿ ಉಪ್ಪು ಹಿಡಿದಿದ್ದರೆ ಮಾತ್ರ ಒಂದು ಹರಳಿಗೆ ಅಷ್ಟೂ ಗಟ್ಟಿಯಾಗುತ್ತದೆ; ನೀರು ಹೆಚ್ಚಾಗಿದ್ದರೆ ಬಿದ್ದ ಹರಳೇ ಕರಗುತ್ತದೆ. ಇದು ಬಿಎಸ್ಸಿ ಮೊದಲ ವರ್ಷದ ಪಾಠ. ಮೊದಲ ತರಗತಿಯಲ್ಲಿ ಅವನು ಆ ಅರ್ಧ ಭಾಗವನ್ನು ಹೇಳಿರಲಿಲ್ಲ, ಹೇಳುವ ಅಗತ್ಯ ಬಂದಿರಲಿಲ್ಲ. ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತ. ಹರಳಿನ ಮೂಲೆಗಳು ಮೊದಲು ಮೊಂಡಾದವು, ಆಮೇಲೆ ಅದು ಸಣ್ಣದಾಯಿತು, ಆಮೇಲೆ ಕಾಣಲಿಲ್ಲ. ಜನ ಮರ್ಯಾದೆಯಿಂದ ಕಾದರು. ಚಹಾ ಬಂತು.

ಮೊದಲ ಸಲ ಆ ಪ್ರನಾಳ ಬಿಸಿಯಾಗಿ ಕೈಯಿಂದ ಕೈಗೆ ಹೋಗಿ ಕೊನೆಗೆ ಬಕ್ಕಪ್ಪನವರ ಅಂಗೈಗೆ ಬಂದಿತ್ತು. ಅವರು ಅದನ್ನು ತಿರುವಿ ನೋಡಿ, ಕಲ್ಲಿನಾಥನಿಗೆ ಹಿಂದಿರುಗಿಸುವ ಮೊದಲು ಒಂದು ಮಾತು ಕೇಳಿದ್ದರು. ನಮ್ಮಂಥ ಮಂದಿಯೊಳಗೆ ಈ ಕೇಳುವುದು ರೂಢಿಗೆ ಬರಬೇಕಾದರೆ ಮೊದಲು ಎಷ್ಟು ಮಂದಿ ಬಾಯಿಬಿಟ್ಟು ಕೇಳಬೇಕಾಗುತ್ತದೆ, ನಿನ್ನ ಲೆಕ್ಕ ಹೇಳು ಎಂದು. ಅವರ ಪಕ್ಕದಲ್ಲಿ ಓಂಪ್ರಕಾಶ ಕೂತಿದ್ದ, ಉತ್ತರಕ್ಕಾಗಿ ತಲೆ ಎತ್ತಿ ನೋಡಿದ್ದ. ಕಲ್ಲಿನಾಥ ಯೋಚಿಸಲೂ ಇಲ್ಲ. ಎಲ್ಲರಿಗೂ ಕೇಳುವಂತೆ ಜೋರಾಗಿ ಹೇಳಿದ್ದ:

“ಒಬ್ಬ.”